ಅವ್ವ ಸುಮ್ಮನಾದ ದಿನ

ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದಲ್ಲಿ ನಮ್ಮ ಬ್ಯಾಚಿನ ಆರು ಜನರನ್ನು ಬಾಗಲಕೋಟೆ ನವನಗರದ ಒಂದು ವೃದ್ಧಾಶ್ರಮಕ್ಕೆ ಮೂರು ವಾರದ ಪೋಸ್ಟಿಂಗ್ ಹಾಕಿದ್ದರು. ಅಲ್ಲಿ ನನ್ನ ಪಾಲಿಗೆ ಬಂದ ಒಬ್ಬ ಅವ್ವನ ಪ್ರಕರಣ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರ ದೇಹದಲ್ಲಿ ಏನಾಯಿತು, ನಾನು ಎಲ್ಲಿ ತಡ ಮಾಡಿದೆ ಅನ್ನೋದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಅದಕ್ಕೂ ಮೊದಲು ನಾನು ನೋಡಿದ್ದು ಆಸ್ಪತ್ರೆಯ ಮೆಡಿಸಿನ್ ವಾರ್ಡು. ಅಲ್ಲಿ ಪೇಷಂಟ್ ಬರುತ್ತಾರೆ, ಸಲೈನ್ ಹಚ್ಚುತ್ತೇವೆ, ಜ್ವರ ಇಳಿಯುತ್ತದೆ, ಐದಾರು ದಿನಕ್ಕೆ ಮನೆಗೆ ಹೋಗುತ್ತಾರೆ. ಇಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. 22 ಜನ ಹಿರಿಯರು. ಸ್ನಾನ ಮಾಡಿಸುವುದು, ಉಣಿಸುವುದು, ಡೈಪರ್ ಬದಲಿಸುವುದು, ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸುವುದು. ಮೊದಲ ದಿನ ಹಾಸ್ಟೆಲ್‌ಗೆ ಬಂದು ಗೆಳತಿಯರ ಮುಂದೆ "ಇಲ್ಲಿ ಕಲಿಯೋಕೆ ಏನಿದೆ?" ಅಂದಿದ್ದೆ. ಆ ಮಾತು ಈಗ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅವ್ವ ಯಾರು

ವಯಸ್ಸು 78. ನಾಲ್ಕು ವರ್ಷದ ಹಿಂದೆ ಆಲ್ಝೈಮರ್ಸ್ ಅನ್ನೋ ಮರೆವಿನ ಕಾಯಿಲೆ ಅಂತ ಗೊತ್ತಾಗಿದೆ. ಬಿಪಿ ಇದೆ. ಹೋದ ವರ್ಷ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಗಿದೆ. ವಾಕರ್ ಹಿಡಿದು ನಡೆಯುತ್ತಾರೆ. ಯಜಮಾನರು ತೀರಿಕೊಂಡಿದ್ದಾರೆ, ಮಗ ಪುಣೆಯಲ್ಲಿ. ಆಶ್ರಮಕ್ಕೆ ಬಂದು 14 ತಿಂಗಳಾಗಿತ್ತು. ದಿನಾ ತೆಗೆದುಕೊಳ್ಳುವ ಗುಳಿಗೆ ಎರಡು: ಬಿಪಿಗೆ ಆಮ್ಲೋಡಿಪಿನ್, ನೆನಪಿನ ಶಕ್ತಿಗೆ ಡೊನೆಪೆಜಿಲ್.

ಇಷ್ಟು ಫೈಲಿನಲ್ಲಿತ್ತು. ಫೈಲಿನಲ್ಲಿ ಇಲ್ಲದ್ದು ಇನ್ನೂ ಜಾಸ್ತಿ ಇತ್ತು. ಬೆಳಿಗ್ಗೆ ಒಂದು ಮೊರದಲ್ಲಿ ನಾಲ್ಕು ಹಿಡಿ ಜೋಳ ಹಾಕಿ ಕೊಟ್ಟರೆ ಅರ್ಧ ತಾಸು ಕೂತು ಹಸನು ಮಾಡುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಹರಳನ್ನೂ ಬೆರಳ ತುದಿಯಲ್ಲಿ ಎತ್ತಿ ಬದಿಗಿಡುತ್ತಿದ್ದರು. ಯಾರಾದರೂ ಮುಂದೆ ಬಂದರೆ ಕೂಡಲೇ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ನಮ್ಮನ್ನೆಲ್ಲ "ತಂಗಿ" ಅನ್ನುತ್ತಿದ್ದರು. ಹೋಳಿ ಹತ್ತಿರ ಬಂದಿತ್ತು. ಬಾಗಲಕೋಟೆಯಲ್ಲಿ ಹೋಳಿ ಅಂದರೆ ಹಲಗೆ ವಾದ್ಯ. ಸಂಜೆಯಾದರೆ ಹುಡುಗರು ರಸ್ತೆಯಲ್ಲಿ ಬಾರಿಸುತ್ತಿದ್ದರು. ಆ ಸದ್ದು ಕೇಳಿದರೆ ಅವ್ವನ ಬೆರಳು ವಾಕರ್ ಮೇಲೆ ತಾನೇ ತಾಳ ಹಾಕುತ್ತಿದ್ದವು.

ಮತ್ತೆ, ಪ್ರತಿ ಸಂಜೆ ಐದೂವರೆ ಸುಮಾರಿಗೆ ವಾಕರ್ ಹಿಡಿದು ಗೇಟಿನ ತನಕ ಹೋಗುತ್ತಿದ್ದರು. "ಮನಿಗೆ ಹೋಗ್ತೀನಿ ತಂಗಿ. ಹೊತ್ತು ಮುಳಗಾಕ ಬಂತು. ದೀಪಾ ಹಚ್ಚಬೇಕು, ಎಮ್ಮಿ ಹಿಂಡಬೇಕು."

ನನ್ನ ಮೊದಲ ತಪ್ಪು

ಅವ್ವನ ಮನೆ ಇದ್ದದ್ದು ಹಳೆ ಬಾಗಲಕೋಟೆಯಲ್ಲಿ, ಘಟಪ್ರಭಾ ಹೊಳೆಯ ಕಡೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯ ದಂಡೆಗೂ ಬಂತು. ಡ್ಯಾಮ್ ತುಂಬಿದಾಗಿನ ನೀರಿನ ಮಟ್ಟ 519.60 ಮೀಟರ್. ನಮ್ಮ ಕಡೆ ಶಾಲೆ ಕಲಿಯದವರ ಬಾಯಲ್ಲೂ ಈ ಅಂಕಿ ಇರುತ್ತದೆ, ಏಕೆಂದರೆ ಯಾರ ಮನೆ ಉಳಿಯುತ್ತದೆ, ಯಾರದು ಹೋಗುತ್ತದೆ ಅನ್ನೋದು ಆ ಅಂಕಿಯ ಮೇಲೆ ನಿಂತಿತ್ತು. ಮುಳುಗಿದವರಿಗಾಗಿ ಕಟ್ಟಿದ ಊರು ನವನಗರ. ಇಲ್ಲಿ ಓಣಿಗಳಿಗೆ ಬದಲು ಸೆಕ್ಟರ್‌ಗಳಿವೆ. ಅವ್ವ ಒಮ್ಮೆ ಕೇಳಿದ್ದರು, "ಸೆಕ್ಟರ್ ಅಂದ್ರ ಏನು ತಂಗಿ? ಓಣಿಗೆ ಹೆಸರಿಲ್ಲೇನು?"

ಎರಡನೇ ದಿನ ಸಂಜೆ ಅವರು ಗೇಟಿನ ಹತ್ತಿರ ನಿಂತಾಗ ನಾನು ನಿಜ ಹೇಳಿಬಿಟ್ಟೆ. ರೋಗಿಗೆ ದಿನ, ಜಾಗ, ಹೊತ್ತು ನೆನಪಿಸಬೇಕು ಅಂತ ಪಾಠದಲ್ಲಿ ಓದಿದ್ದೆನಲ್ಲ. "ನಿಮ್ಮ ಮನಿ ಈಗ ಇಲ್ರೀ ಅವ್ವಾ. ಡ್ಯಾಮ್ ನೀರಾಗ ಮುಳುಗೇತಿ."

ಅವರ ಮುಖ ನಾನು ಮರೆಯಲಾರೆ. "ಯಾವಾಗ? ನನಗ ಯಾರೂ ಹೇಳಲಿಲ್ಲಲ್ಲ? ಎಮ್ಮಿ ಏನಾತು?" ಅಂತ ಅಲ್ಲೇ ಕುಸಿದು ಕೂತು ಅತ್ತರು. ಅವರಿಗೆ ಅದು ಇಪ್ಪತ್ತು ವರ್ಷದ ಹಿಂದಿನ ಸುದ್ದಿ ಅಲ್ಲ, ಆಗ ತಾನೇ ಕೇಳಿದ್ದು. ಹತ್ತು ನಿಮಿಷಕ್ಕೆ ಯಾಕೆ ಅಳುತ್ತಿದ್ದೇನೆ ಅನ್ನೋದು ಮರೆತುಹೋಯಿತು. ದುಃಖ ಮಾತ್ರ ಹೋಗಲಿಲ್ಲ. ರಾತ್ರಿ ಊಟದ ತನಕ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಈ ಕಾಯಿಲೆಯಲ್ಲಿ ಸಂಗತಿ ಅಳಿಸಿಹೋದರೂ ಅದು ತಂದ ಸಂಕಟ ಉಳಿಯುತ್ತದೆ ಅಂತ ಆಮೇಲೆ ಓದಿದೆ. ಅಂದು ಕಣ್ಣಾರೆ ನೋಡಿದ್ದೆ.

ಅಲ್ಲಿನ ಹಿರಿಯ ಸಿಸ್ಟರ್ ನನ್ನನ್ನು ಬೈಯಲಿಲ್ಲ. "ದಿನಾ ಸಂಜಿಮುಂದ ಅವರ ಮನಿ ನಾವ ಮುಳುಗಿಸಬಾರ್ದು ತಂಗಿ" ಅಂದರು, ಅಷ್ಟೇ. ಮರುದಿನ ಅವರು ಏನು ಮಾಡುತ್ತಾರೆ ಅಂತ ನೋಡಿದೆ. ಅವ್ವನ ಪಕ್ಕ ನಿಂತು "ನಿಮ್ಮ ಮನಿ ಹೊಳಿ ಕಡೆ ಇತ್ತೋ, ಪ್ಯಾಟಿ ಕಡೆ ಇತ್ತೋ?" ಅಂತ ಕೇಳಿದರು. ಅವ್ವ ಹೇಳುತ್ತಾ ಹೋದರು. ಕಟ್ಟೆ, ಮಾಳಿಗೆ, ಹಿತ್ತಲ ಬಾಗಿಲು. ಮಾತಾಡುತ್ತಾ ಸಿಸ್ಟರ್ ಅವರನ್ನು ಮೆಲ್ಲಗೆ ಬಚ್ಚಲಮನೆಗೆ ಕರೆದುಕೊಂಡು ಹೋದರು. ಮೂತ್ರ ಬಂದಿತ್ತು. ಆಮೇಲೆ ಅರ್ಧ ರೊಟ್ಟಿ, ಒಂದು ಬಟ್ಟಲು ಹಾಲು. ಗೇಟಿನ ಮಾತು ಅಲ್ಲಿಗೇ ನಿಂತಿತು. "ಮನೆಗೆ ಹೋಗಬೇಕು" ಅನ್ನೋದರ ಒಳಗೆ ಹಸಿವು, ಮೂತ್ರ, ನೋವು, ಸಂಜೆಯ ಹೆದರಿಕೆ ಏನು ಬೇಕಾದರೂ ಇರಬಹುದು. ಇದು ನನಗೆ ಮೊದಲ ವಾರದಲ್ಲಿ ಸಿಕ್ಕ ಪಾಠ.

ಎಂಟನೇ ದಿನ

ಬೆಳಿಗ್ಗೆ ಎಂಟೂವರೆಗೆ ಡ್ಯೂಟಿಗೆ ಬಂದಾಗ ರಾತ್ರಿ ಪಾಳಿಯ ಅಕ್ಕ ಖುಷಿಯಲ್ಲಿದ್ದರು. "ಅವ್ವ ರಾತ್ರಿ ಭಾಳ ಶಾಂತ ಮಲಗಿದ್ರು ನೋಡ್ರಿ. ಒಂದ ಸಲಾನೂ ಎದ್ದಿಲ್ಲ, ತಂಟಿ ಇಲ್ಲ." ನನಗೂ ಸಮಾಧಾನ ಆಯಿತು. ಇದನ್ನು ಮುಚ್ಚಿಡುವುದಿಲ್ಲ. ಸುಮ್ಮನಿದ್ದಾರೆ ಅಂದರೆ ಅರಾಮ ಇದ್ದಾರೆ ಅಂತಲೇ ನಾನೂ ತಿಳಿದೆ.

ಒಂಬತ್ತಕ್ಕೆ ಉಪ್ಪಿಟ್ಟು ಉಣಿಸಲು ಕೂತೆ. ಎರಡು ಚಮಚ ತಿಂದರು. ಮೂರನೇದು ಬಾಯಲ್ಲೇ ಉಳಿಯಿತು, ಕಣ್ಣು ಮುಚ್ಚಿಕೊಂಡವು. ಉಣಿಸುವುದು ನಿಲ್ಲಿಸಿ ಬಾಯಿ ಒರೆಸಿದೆ. ಅರೆನಿದ್ದೆಯಲ್ಲಿ ತುತ್ತು ಇಟ್ಟರೆ ಶ್ವಾಸನಾಳಕ್ಕೆ ಹೋಗುತ್ತದೆ ಅಂತ ಗೊತ್ತಿತ್ತು, ಅದೊಂದು ಸರಿ ಮಾಡಿದೆ. ಒಂಬತ್ತೂವರೆಗೆ ಮೊರದಲ್ಲಿ ಜೋಳ ಹಾಕಿ ಮುಂದಿಟ್ಟೆ. ಒಂದು ಕಾಳು ಎತ್ತಿದರು. ಕೈ ಗಾಳಿಯಲ್ಲೇ ನಿಂತಿತು. ಕಾಳು ಬಿತ್ತು. ಇನ್ನೊಂದು ಎತ್ತಲಿಲ್ಲ. ಯಾರೋ ಒಬ್ಬರು ಮಂಚದ ಹತ್ತಿರ ಹಾದುಹೋದಾಗ ಸೆರಗು ಜಾರಿದ್ದರೂ ಸರಿ ಮಾಡಿಕೊಳ್ಳಲಿಲ್ಲ.

ಹತ್ತು ಗಂಟೆಗೆ ನೋಡಿದ ಅಂಕಿಗಳು ಹೀಗಿದ್ದವು. ಟೆಂಪರೇಚರ್ 99.4 ಡಿಗ್ರಿ ಫ್ಯಾರನ್‌ಹೀಟ್. ನಾಡಿ ನಿಮಿಷಕ್ಕೆ 104. ಉಸಿರು 22. ಬಿಪಿ 108/64. ಆಮ್ಲಜನಕ 95. ಇವನ್ನು ಪುಸ್ತಕದಲ್ಲಿ ನೀಟಾಗಿ ಬರೆದೆ. ಜ್ವರ ಅನ್ನುವಷ್ಟು ಇಲ್ಲ, ಬಿಪಿ ತೀರಾ ಬಿದ್ದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹಿಂದಿನ ಪುಟ ತಿರುವಿದ್ದರೆ ಸಾಕಿತ್ತು. ಅವ್ವನ ಎಂದಿನ ಟೆಂಪರೇಚರ್ 97.2, ಬಿಪಿ 136/80, ನಾಡಿ 78. ವಯಸ್ಸಾದವರಿಗೆ ಸೋಂಕು ಆದರೂ ಮೈ ಅಷ್ಟಾಗಿ ಕಾಯುವುದಿಲ್ಲ. ಅದಕ್ಕೇ ಇಂಥ ಕಡೆ 100 ದಾಟಿತೇ ಅಂತ ಮಾತ್ರ ನೋಡಬಾರದು. ಅವರ ಸ್ವಂತ ಮಟ್ಟಕ್ಕಿಂತ 2 ಡಿಗ್ರಿ ಏರಿದರೂ ಎಚ್ಚರವಾಗಬೇಕು. ಅವ್ವನಿಗೆ 2.2 ಏರಿತ್ತು. ಎರಡು ಅಂಕಿಗಳೂ ಒಂದೇ ಪುಸ್ತಕದಲ್ಲಿದ್ದವು. ನಾನು ಪಕ್ಕಪಕ್ಕ ಇಟ್ಟು ನೋಡಲಿಲ್ಲ.

ಏನೋ ಸರಿ ಇಲ್ಲ ಅಂತ ಮನಸ್ಸು ಹೇಳುತ್ತಿತ್ತು. ಹನ್ನೊಂದಕ್ಕೆ ಅಲ್ಲಿದ್ದವರೊಬ್ಬರಿಗೆ "ಅವ್ವ ಯಾಕೋ ಒಂಥರಾ ಇದ್ದಾರೆ" ಅಂದೆ. "ವಯಸ್ಸಾತಲ್ಲವ್ವ, ಅರವತ್ತಕ್ಕ ಅರಳು ಮರಳು ಅಂತಾರ, ಇವರಿಗೆ ಎಂಬತ್ತು" ಅಂದರು. ನಾನು ಸುಮ್ಮನಾದೆ. ಎರಡನೇ ವರ್ಷದ ಹುಡುಗಿ, ಹೆಚ್ಚು ಮಾತಾಡಿದರೆ ಏನಂದುಕೊಳ್ಳುತ್ತಾರೋ ಅನ್ನೋ ಅಂಜಿಕೆ. ನಮಗೆ ಕಲಿಸುವ ಮೇಡಮ್ ರೌಂಡ್ಸಿಗೆ ಬಂದದ್ದು ಒಂದು ಗಂಟೆ ಹೊಡೆದ ಮೇಲೆ. ಹತ್ತರಿಂದ ಒಂದರ ತನಕ ಮೂರು ತಾಸು. ಆ ಮೂರು ತಾಸು ನನ್ನ ಲೆಕ್ಕಕ್ಕೆ ಸೇರಿದ್ದು.

ಮೇಡಮ್ ಕೇಳಿದ ನಾಲ್ಕು ಪ್ರಶ್ನೆ

ಮೇಡಮ್‌ಗೂ ನಾನು ಅದೇ ಹೇಳಿದೆ, "ಒಂಥರಾ ಇದ್ದಾರೆ". ಅವರು ಕೇಳಿದರು: "ನಿನ್ನೆ ಹೇಗಿದ್ದರು? ಯಾವಾಗಿನಿಂದ ಹೀಗಿದ್ದಾರೆ?"

ಆಗ ಹಲಗೆ ನೆನಪಾಯಿತು. ಹಿಂದಿನ ಸಂಜೆ ಹುಡುಗರು ಗೇಟಿನ ಮುಂದೆಯೇ ಬಾರಿಸುತ್ತಾ ಹೋಗಿದ್ದರು. ಅವ್ವ ಆ ಕಡೆ ತಿರುಗಲಿಲ್ಲ. ಬೆರಳು ಅಲ್ಲಾಡಲಿಲ್ಲ. ಮನೆಗೆ ಹೋಗುತ್ತೇನೆ ಅಂತಲೂ ಕೇಳಿರಲಿಲ್ಲ. ಅಂದರೆ ಇದು ಹಿಂದಿನ ಸಂಜೆಯೇ ಶುರುವಾಗಿತ್ತು.

ಮೇಡಮ್ ಮುಂದೆ ಕೇಳಿದರು, "ಮೂತ್ರ?" ಡೈಪರ್ ಒದ್ದೆ ಇದೆ, ನಾಲ್ಕು ಸಲ ಬದಲಿಸಿದ್ದೇವೆ ಅಂದೆ. "ಎಷ್ಟು ಒದ್ದೆ?" ಪ್ರತಿ ಸಲ ಸ್ವಲ್ಪ ಸ್ವಲ್ಪ. ಅವರು ಅವ್ವನ ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟು, ನನ್ನ ಕೈಯನ್ನೂ ಹಿಡಿದು ಇಡಿಸಿದರು. ಹೊಕ್ಕುಳದ ಹತ್ತಿರದ ತನಕ ಗುಂಡಗೆ, ಬಿಗಿಯಾಗಿತ್ತು. ಮುಟ್ಟಿದ ಕೂಡಲೇ ಅವ್ವ ಮುಖ ಕಿವುಚಿದರು. ಮೂತ್ರ ಹೋಗುತ್ತಿರಲಿಲ್ಲ. ಚೀಲ ತುಂಬಿ ಮೇಲಿಂದ ತುಳುಕುತ್ತಿತ್ತು. ಒದ್ದೆ ಡೈಪರ್ ನೋಡಿ ನಾವೆಲ್ಲ ಮೋಸಹೋಗಿದ್ದೆವು.

"ಕಕ್ಕಸು ಯಾವಾಗ ಆಗಿದೆ?" ಪುಸ್ತಕ ತೆಗೆದೆ. ಐದು ದಿನದ ಹಿಂದೆ.

"ಹೊಸ ಗುಳಿಗೆ ಏನಾದರೂ?" ಮೈ ತುರಿಕೆ ಅಂತ ಆರು ದಿನದ ಹಿಂದೆ ರಾತ್ರಿಗೆ ಹೈಡ್ರಾಕ್ಸಿಝಿನ್ 25 ಮಿಲಿಗ್ರಾಂ ಶುರುವಾಗಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಒಣಗಿದ ಚರ್ಮದ ತುರಿಕೆ, ಬೇರೇನೂ ಅಲ್ಲ.

ಇಲ್ಲಿ ಗಂಟು ಬಿಚ್ಚಿಕೊಂಡಿತು. ಹೈಡ್ರಾಕ್ಸಿಝಿನ್ ಹಳೇ ತಲೆಮಾರಿನ ಅಲರ್ಜಿ ಔಷಧಿ. ಅದು ನರಗಳ ನಡುವೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಕೆಲಸ ತಡೆಯುತ್ತದೆ. ಮೂತ್ರಚೀಲ ಹಿಂಡಲು, ಕರುಳು ಚಲಿಸಲು, ಮಿದುಳು ಗಮನ ಹಿಡಿಯಲು ಅದು ಬೇಕು. ಅವ್ವ ತೆಗೆದುಕೊಳ್ಳುತ್ತಿದ್ದ ಡೊನೆಪೆಜಿಲ್ ಕೆಲಸವೇ ಆ ರಾಸಾಯನಿಕವನ್ನು ಉಳಿಸುವುದು. ಬೆಳಗಿನ ಗುಳಿಗೆ ಕೊಟ್ಟದ್ದನ್ನು ರಾತ್ರಿಯ ಗುಳಿಗೆ ಕಸಿದುಕೊಳ್ಳುತ್ತಿತ್ತು. ಹಿರಿಯರಿಗೆ ಕೊಡಬಾರದ, ಕೊಟ್ಟರೂ ಹುಷಾರಾಗಿ ಕೊಡಬೇಕಾದ ಔಷಧಿಗಳ ಬೀರ್ಸ್ ಪಟ್ಟಿ ಅಂತ ಒಂದಿದೆ. 1991ರಲ್ಲಿ ಮೊದಲು ಬಂತು, ಆಮೇಲೆ ಹಲವು ಸಲ ಪರಿಷ್ಕಾರ ಆಗಿದೆ. ಅದರಲ್ಲಿ ಈ ಗುಂಪಿನ ಔಷಧಿಗಳಿವೆ. ಪರೀಕ್ಷೆಗೆ ಅಂತ ಓದಿದ್ದೆ. ಮಂಚದ ಮೇಲೆ ಮಲಗಿದ್ದು ಅದೇ ಅಂತ ಗುರುತಿಸಲಿಲ್ಲ.

ಮರೆವಲ್ಲ, ಡೆಲಿರಿಯಂ

ಅವ್ವನಿಗೆ ಆಗಿದ್ದು ಮರೆವಿನ ಕಾಯಿಲೆಯ ಮುಂದಿನ ಹಂತ ಅಲ್ಲ. ಅದರ ಮೇಲೆ ಬಂದು ಕೂತ ಡೆಲಿರಿಯಂ, ಅಂದರೆ ಹಠಾತ್ತಾಗಿ ಮಿದುಳಿಗೆ ಕವಿಯುವ ಗೊಂದಲ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಡೆಲಿರಿಯಂ ತಾಸುಗಳಲ್ಲಿ, ಒಂದೆರಡು ದಿನದಲ್ಲಿ ಬರುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತದೆ. ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಕಾರಣ ತೆಗೆದರೆ ಬಹಳ ಸಲ ಇಳಿಯುತ್ತದೆ, ತಡ ಮಾಡಿದರೆ ಜೀವಕ್ಕೇ ಬರುತ್ತದೆ.

ಇದನ್ನು ಗುರುತಿಸಲು 1990ರಿಂದ ಬಳಕೆಯಲ್ಲಿರುವ ಒಂದು ವಿಧಾನ ಇದೆ, ಕನ್‌ಫ್ಯೂಷನ್ ಅಸೆಸ್‌ಮೆಂಟ್ ಮೆಥಡ್, ಚಿಕ್ಕದಾಗಿ ಕ್ಯಾಮ್ ಅನ್ನುತ್ತಾರೆ. ಬದಲಾವಣೆ ಹಠಾತ್ತಾಗಿ ಬಂದು ಏರಿಳಿತ ಆಗುತ್ತಿದೆಯೇ? ಗಮನ ನಿಲ್ಲುತ್ತಿಲ್ಲವೇ? ಇವೆರಡೂ ಇದ್ದು, ಜೊತೆಗೆ ಮಾತು-ವಿಚಾರ ಚೆಲ್ಲಾಪಿಲ್ಲಿ ಆಗಿದ್ದರೆ ಅಥವಾ ಎಚ್ಚರದ ಮಟ್ಟ ಬದಲಾಗಿದ್ದರೆ ಡೆಲಿರಿಯಂ ಅಂತ ತಿಳಿಯಬೇಕು. ಗಮನ ನೋಡಲು ತಿಂಗಳುಗಳ ಹೆಸರು ಹಿಂದಿನಿಂದ ಹೇಳಿಸುತ್ತಾರೆ. ಶಾಲೆ ಕಾಣದ ಅವ್ವನಿಗೆ ಅದು ಮೊದಲೂ ಬರುತ್ತಿರಲಿಲ್ಲ. ಆದರೆ ಅರ್ಧ ತಾಸು ಜೋಳ ಹಸನು ಮಾಡುವ ಕೈ ಎರಡನೇ ಕಾಳಿಗೆ ನಿಂತಿತಲ್ಲ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ?

ಡೆಲಿರಿಯಂ ಅಂದರೆ ಕೂಗಾಡುವುದು, ಸಲೈನ್ ಕಿತ್ತೊಗೆಯುವುದು ಅಂತ ಜನ ತಿಳಿದಿದ್ದಾರೆ. ಸುಮ್ಮನಾಗಿಸುವ ಬಗೆಯೂ ಇದೆ. ವಯಸ್ಸಾದವರಲ್ಲಿ ಕೈತಪ್ಪಿ ಹೋಗುವುದು ಇದೇ ಜಾಸ್ತಿ, ಏಕೆಂದರೆ ಇದು ಯಾರಿಗೂ ತ್ರಾಸು ಕೊಡುವುದಿಲ್ಲ.

ರಾತ್ರಿ ಪಾಳಿಯ ಅಕ್ಕನನ್ನು ನಾನು ದೂರುವುದಿಲ್ಲ. 22 ಜನಕ್ಕೆ ರಾತ್ರಿ ಇಬ್ಬರು. ಒಬ್ಬರು ಏಳದೆ ಮಲಗಿದರೆ ಉಸಿರಾಡಲು ಹೊತ್ತು ಸಿಗುತ್ತದೆ. ಅವರ ಕೈಯಲ್ಲಿ ಕೊಟ್ಟ ಪುಸ್ತಕದಲ್ಲಿ ಊಟ, ಸ್ನಾನ, ಡೈಪರ್, ಗುಳಿಗೆ ಅಂತ ಕಾಲಂಗಳಿದ್ದವು. ಎಲ್ಲದಕ್ಕೂ "ಆಯಿತು" ಅಂತ ಟಿಕ್ ಬಿದ್ದಿತ್ತು. ಅವ್ವ ಇವತ್ತು ಅವ್ವನ ಹಾಗೆ ಇದ್ದಾರಾ ಅಂತ ಕೇಳುವ ಕಾಲಂ ಇರಲಿಲ್ಲ.

ಫೋನಿನಲ್ಲಿ ಹೇಳಿದ್ದು

ಡಾಕ್ಟರಿಗೆ ಫೋನ್ ಮಾಡಲು ಮೇಡಮ್ ನನ್ನ ಕೈಗೇ ಕೊಟ್ಟರು. ಮೊದಲು ಕಾಗದದ ಮೇಲೆ ಬರೆಸಿದರು. "78 ವರ್ಷದವರು, ಮರೆವಿನ ಕಾಯಿಲೆ ಇದೆ. ದಿನಾ ಮಾತಾಡಿಕೊಂಡು, ನಡೆದುಕೊಂಡು ಇರುವವರು ನಿನ್ನೆ ಸಂಜೆಯಿಂದ ಮಂಪರಿನಲ್ಲಿದ್ದಾರೆ, ಗಮನ ನಿಲ್ಲುತ್ತಿಲ್ಲ. ಟೆಂಪರೇಚರ್ 97.2ರಿಂದ 99.4ಕ್ಕೆ ಏರಿದೆ. ನಾಡಿ 104, ಬಿಪಿ 108/64. ಕಿಬ್ಬೊಟ್ಟೆ ಉಬ್ಬಿದೆ, ಮುಟ್ಟಿದರೆ ನೋವು. ಐದು ದಿನದಿಂದ ಕಕ್ಕಸು ಆಗಿಲ್ಲ. ಆರು ದಿನದಿಂದ ಹೈಡ್ರಾಕ್ಸಿಝಿನ್ ಇದೆ. ಮೂತ್ರ ನಿಂತಿರಬಹುದು, ಡೆಲಿರಿಯಂ ಇರಬಹುದು ಅನಿಸುತ್ತದೆ. ದಯವಿಟ್ಟು ಈಗಲೇ ಬಂದು ನೋಡಿ."

ಒಂದು ನಿಮಿಷವೂ ಹಿಡಿಯಲಿಲ್ಲ. ಬೆಳಿಗ್ಗೆ "ಒಂಥರಾ" ಅಂದದ್ದಕ್ಕೂ ಇದಕ್ಕೂ ಎಷ್ಟು ಅಂತರ! ಅರ್ಧ ತಾಸಿನಲ್ಲಿ ಡಾಕ್ಟರ್ ಬಂದರು.

ಕ್ಯಾತಿಟರ್, ಅಂದರೆ ಮೂತ್ರ ತೆಗೆಯುವ ನಳಿಕೆ, ಹಾಕಿದಾಗ 850 ಎಂಎಲ್ ಮೂತ್ರ ಬಂತು. ಸಾಮಾನ್ಯವಾಗಿ 300 ಎಂಎಲ್ ಸುಮಾರಿಗೆ ನಮಗೆಲ್ಲ ಎದ್ದು ಹೋಗಬೇಕು ಅನಿಸುತ್ತದೆ. ಕಡುಬಣ್ಣ, ವಾಸನೆ. ಪರೀಕ್ಷೆಯಲ್ಲಿ ಕೀವಿನ ಕಣಗಳಿದ್ದವು. ಯಾವ ರೋಗಾಣು ಅಂತ ತಿಳಿಯಲು ಕಲ್ಚರಿಗೆ ಕಳಿಸಿ ಆ್ಯಂಟಿಬಯಾಟಿಕ್ ಶುರು ಮಾಡಿದರು. ಹೈಡ್ರಾಕ್ಸಿಝಿನ್ ನಿಲ್ಲಿಸಿದರು, ತುರಿಕೆಗೆ ಎಣ್ಣೆ, ಮಾಯಿಶ್ಚರೈಸರ್ ಸಾಕು ಅಂದರು. ಬಿಪಿ ಗುಳಿಗೆಯನ್ನೂ ಸದ್ಯಕ್ಕೆ ತಡೆಹಿಡಿದರು. ಎನಿಮಾ ಕೊಟ್ಟೆವು. ಸಲೈನ್ ನಿಧಾನವಾಗಿ. ಆಸ್ಪತ್ರೆಗೆ ಸಾಗಿಸಬೇಕಾ ಅಂತ ಮಗನ ಜೊತೆ ಫೋನಿನಲ್ಲಿ ಮಾತಾದಾಗ ಡಾಕ್ಟರ್ ಹೇಳಿದ್ದು, ಹೊಸ ಜಾಗ, ಹೊಸ ಮುಖ ಡೆಲಿರಿಯಂ ಹೆಚ್ಚಿಸುತ್ತದೆ. ಮೇಲಿನ ಬಿಪಿ 100ಕ್ಕಿಂತ ಕೆಳಗೆ ಹೋದರೆ ಅಥವಾ ಉಸಿರು ಹೆಚ್ಚಿದರೆ ತಕ್ಷಣ ಸಾಗಿಸೋಣ, ಅಲ್ಲಿಯ ತನಕ ತಾಸಿಗೊಮ್ಮೆ ನೋಡಿ. ಸಂಜೆ ಐದಕ್ಕೆ ಬಿಪಿ 118/70 ಬಂತು.

ಮುಂದಿನ ನಾಲ್ಕು ದಿನ

ಔಷಧಿಯ ಕೆಲಸ ಅಷ್ಟೇ. ಉಳಿದದ್ದು ನಮ್ಮ ಕೈಯಲ್ಲಿತ್ತು. ನಾನು ಕಲಿಯೋಕೆ ಏನಿದೆ ಅಂದಿದ್ದೆನಲ್ಲ, ಅದೇ ಕೆಲಸ.

ಮಗ್ಗಲು ಹೊರಳಿಸಿದಾಗ ಬಾಲಮೂಳೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಾಗಿ ಕಂಡಿತು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೈಯಿಂದ ಮುಟ್ಟಿ ನೋಡಬೇಕು. ಅಲ್ಲಿ ಸುತ್ತಲಿಗಿಂತ ಬಿಸಿ ಇತ್ತು, ಗಟ್ಟಿ ಇತ್ತು. ಬೆರಳಿನಿಂದ ಒತ್ತಿದರೂ ಬಣ್ಣ ಬದಲಾಗಲಿಲ್ಲ. ಒತ್ತಡದ ಹುಣ್ಣಿನ ಮೊದಲ ಹಂತ. ಒಂದು ರಾತ್ರಿ ಏಳದೆ "ಶಾಂತ" ಮಲಗಿದ್ದರ ಗುರುತು ಅದು. ಅದನ್ನು ತಿಕ್ಕಲಿಲ್ಲ, ತಿಕ್ಕಿದರೆ ಒಳಗೆ ಇನ್ನೂ ಕೆಡುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ ಮಲಗಿಸಿದೆವು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಮಡಿಸಿದ ಚಾದರ ಇಟ್ಟೆವು. ಅಲ್ಲಿಂದ ಐದನೇ ದಿನಕ್ಕೆ ಆ ಜಾಗ ಮಾಮೂಲಿ ಬಣ್ಣಕ್ಕೆ ತಿರುಗಿತು.

ಅವ್ವನ ಕನ್ನಡಕ ಕಪಾಟಿನಲ್ಲಿತ್ತು. ತೊಳೆದು ಹಾಕಿದೆ. ಹಗಲು ಕಿಟಕಿ ತೆಗೆದು ಬೆಳಕು ಬಿಟ್ಟೆವು, ರಾತ್ರಿ ದೀಪ ಆರಿಸಿದೆವು. ಎಚ್ಚರ ಇದ್ದಾಗಲೆಲ್ಲ ನೆಟ್ಟಗೆ ಕೂರಿಸಿ ಸಣ್ಣ ಸ್ಟೀಲ್ ಲೋಟದಲ್ಲಿ ಎರಡೆರಡು ಗುಟುಕು ನೀರು, ತೆಳು ಅಂಬಲಿ. ಡೈಪರ್ ಕೆಲಸ ಕಡಿಮೆ ಆಗಲಿ ಅಂತ ಸಂಜೆ ಮೇಲೆ ನೀರು ಕೊಡುವುದನ್ನೇ ಕಡಿಮೆ ಮಾಡುವ ರೂಢಿ ಇತ್ತು. ಅದನ್ನು ಹಿರಿಯ ಸಿಸ್ಟರ್ ಅಂದೇ ನಿಲ್ಲಿಸಿದರು.

ಒಂಬತ್ತನೇ ದಿನ ಅವ್ವ ಕ್ಯಾತಿಟರ್ ಎಳೆಯಲು ಶುರು ಮಾಡಿದರು. ಯಾರೋ ಕೈ ಕಟ್ಟೋಣ ಅಂದರು. ಕಟ್ಟಿದರೆ ಹೆದರಿಕೆ, ಚಡಪಡಿಕೆ ಹೆಚ್ಚಾಗುತ್ತದೆ, ಡೆಲಿರಿಯಂ ಇನ್ನಷ್ಟು ದಿನ ಎಳೆಯುತ್ತದೆ. ನನ್ನ ಹತ್ತಿರ ಗುಳೇದಗುಡ್ಡದ ಒಂದು ಹಳೆ ಖಣ, ಕುಪ್ಪಸದ ಬಟ್ಟೆ, ಇತ್ತು. ಅದನ್ನು ಅವರ ಕೈಗೆ ಕೊಟ್ಟೆ. ಅಂಚು ಸವರುತ್ತಾ, ಮಡಿಸುತ್ತಾ, ಬಿಚ್ಚುತ್ತಾ ಕೂತರು. ಹತ್ತನೇ ದಿನ ಬೆಳಿಗ್ಗೆ ಕ್ಯಾತಿಟರ್ ತೆಗೆದೆವು. ಎರಡು ತಾಸಿನ ಮೇಲೆ ಕಮೋಡ್ ಕುರ್ಚಿಯಲ್ಲಿ ಕೂರಿಸಿ ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದೆ. ತಾನೇ ಹೋಯಿತು. ಅಳೆದರೆ 220 ಎಂಎಲ್. ಆ ಅಂಕಿ ಬರೆಯುವಾಗ ನನ್ನ ಕೈ ನಡುಗುತ್ತಿತ್ತು, ಖುಷಿಗೆ.

ಹನ್ನೆರಡನೇ ದಿನ ಸಂಜೆ ಹಲಗೆ ಸದ್ದು ಬಂತು. ಬೆರಳು ಮಂಚದ ಪಟ್ಟಿಯ ಮೇಲೆ ಎರಡು ಸಲ ಆಡಿದವು. ಆಮೇಲೆ ನನ್ನ ಕಡೆ ತಿರುಗಿ, "ಹೊತ್ತು ಮುಳಗಾಕ ಬಂತಲ್ಲ ತಂಗಿ. ಮನಿಗೆ ಹೋಗಬೇಕು" ಅಂದರು.

ಆ ಮಾತಿಗೆ ಅಷ್ಟು ಸಂತೋಷಪಡುತ್ತೇನೆ ಅಂತ ನಾನು ಎಂದೂ ಅಂದುಕೊಂಡಿರಲಿಲ್ಲ. ಹಿರಿಯ ಸಿಸ್ಟರನ್ನು ಕೂಗಿ ಕರೆದೆ.

ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ಗೇಟಿನ ತನಕ ನಡೆಯುತ್ತಿದ್ದವರು ಪಡಸಾಲೆಯ ಕುರ್ಚಿಗೇ ದಣಿಯುತ್ತಿದ್ದರು. ಡೆಲಿರಿಯಂ ಬಂದು ಹೋದ ಮೇಲೆ ಹಿರಿಯರು ಒಂದು ಮೆಟ್ಟಿಲು ಕೆಳಗೇ ನಿಲ್ಲುವುದು ಬಹಳ. ಒಂದು ದಿನ ಮೊದಲೇ ಗುರುತಿಸಿದ್ದರೆ ಆ ಗೇಟು ಉಳಿಯುತ್ತಿತ್ತೇನೋ ಅಂತ ನನಗೆ ಈಗಲೂ ಅನಿಸುತ್ತದೆ.

ಹಾಳೆ

ಕೊನೆಯ ವಾರ ಮೇಡಮ್ ಒಪ್ಪಿಗೆ ಪಡೆದು ಒಂದು ಕೆಲಸ ಮಾಡಿದೆ. ಒಬ್ಬೊಬ್ಬರಿಗೆ ಒಂದು ಹಾಳೆ. ಮೇಲ್ಗಡೆ "ದಿನಾ ಹೇಗಿರ್ತಾರೆ" ಅಂತ ಬರೆದೆ. ಎಷ್ಟು ಮಾತಾಡ್ತಾರೆ, ಎಷ್ಟು ದೂರ ನಡೀತಾರೆ, ಏನು ಕೆಲಸ ಕೊಟ್ಟರೆ ಎಷ್ಟು ಹೊತ್ತು ಮಾಡ್ತಾರೆ, ಸಂಜೆ ಏನು ಕೇಳ್ತಾರೆ, ಎಂದಿನ ಟೆಂಪರೇಚರ್, ನಾಡಿ, ಬಿಪಿ ಎಷ್ಟು. ಮಂಚದ ತಲೆಕಡೆ ಅಂಟಿಸಿದೆ. ರಾತ್ರಿ ಪಾಳಿಯ ಅಕ್ಕ ಎಲ್ಲರಿಗಿಂತ ಹೆಚ್ಚು ಸಹಾಯ ಮಾಡಿದರು. 14 ತಿಂಗಳಿಂದ ಅವ್ವನ ಜೊತೆ ರಾತ್ರಿ ಕಳೆದವರು ಅವರು, ಅವರಿಗೆ ಗೊತ್ತಿದ್ದದ್ದು ಯಾವ ಫೈಲಿನಲ್ಲೂ ಇರಲಿಲ್ಲ. ಪೋಸ್ಟಿಂಗ್ ಮುಗಿಯುವಷ್ಟರಲ್ಲಿ ಒಂಬತ್ತು ಜನರದ್ದು ಆಯಿತು. ಉಳಿದ 13 ಮುಂದಿನ ಬ್ಯಾಚಿನ ಹುಡುಗಿಯರಿಗೆ ಬಿಟ್ಟುಬಂದೆ.

ಕೊನೆಯ ಸಂಜೆ ಅವ್ವನ ಪಕ್ಕ ಕೂತಿದ್ದೆ. ಐದೂವರೆ ಆಯಿತು. ಮನಿಗೆ ಹೋಗಬೇಕು ಅಂದರು. "ನಿಮ್ಮ ಮನಿ ಮುಂದ ಏನಿತ್ರೀ ಅವ್ವಾ?" ಅಂತ ಕೇಳಿದೆ.

"ಬೇವಿನ ಗಿಡ" ಅಂದರು. "ಅದರ ಬುಡಕ್ಕ ಎಮ್ಮಿ ಕಟ್ಟತಿದ್ವಿ. ಹೊತ್ತು ಮುಳಗೂದು ಆ ಗಿಡದ ಸಂದ್ಯಾಗ ಕಾಣತಿತ್ತು ನೋಡ ತಂಗಿ."

ಬೇವಿನ ಗಿಡದ ಮಾತು ಅವರು ಅಲ್ಲಿಯ ತನಕ ಹೇಳಿರಲಿಲ್ಲ. ಪೆನ್ನು ತೆಗೆದು ಹಾಳೆಯಲ್ಲಿ ಅದನ್ನೂ ಬರೆದೆ. ಆಮೇಲೆ ಅವರನ್ನು ಬಚ್ಚಲಮನೆಗೆ ಕರೆದುಕೊಂಡು ಹೋದೆ.